ರಿಮ್ಮಾಳ ಮೊದಲ ಮೇಜು

ಅನ್ನ ಕುಟ್ಟುವ ದಿಮ್ಮಿಯ ಮೇಲೆ ಅತ್ತೆ ಒಕ್ಸುನ್ ಬಂದು ಕುಳಿತುಬಿಟ್ಟಾಗ ರಿಮ್ಮಾಳ ಕೈಯಲ್ಲಿ ಚಾರ್ತೊಗಿ ಕಡುಬಿಗೆಂದು ಬೇಯಿಸಿದ, ಹಬೆಯಾಡುವ ಅಂಟಕ್ಕಿ ಅನ್ನದ ಪಾತ್ರೆಯಿತ್ತು. ಮಗ ಗೆರಾಸಿಮ್ ಎತ್ತಿದ ಕೊಡತಿಯನ್ನು ಎತ್ತಿದ ಹಾಗೆಯೇ ಹಿಡಿದು ನಿಂತ. ಒಕ್ಸುನ್‌ಗೆ ಎಂಬತ್ಮೂರು ವರ್ಷ. ಅಕ್ಟೋಬರಿನ ಗಾಳಿ ಸ್ವಲ್ಪ ಜೋರಾಗಿ ಬೀಸಿದರೂ ಹಾರಿಹೋಗುವಳೇನೋ ಅನ್ನುವಷ್ಟು ಹಗುರ. ಆದರೆ ಅವಳು ಕೂತ ಜಾಗದಿಂದ ಅವಳನ್ನು ಎಬ್ಬಿಸಬಲ್ಲವರು ಆ ಖೆಗಾಯ್ ಮನೆತನದಲ್ಲಿ ಇನ್ನೂ ಯಾರೂ ಹುಟ್ಟಿರಲಿಲ್ಲ.

"ಏಳಿ ಅತ್ತೆ, ಅನ್ನ ಆರ್ತಾ ಇದೆ. ಆರಿದ್ಮೇಲೆ ಕುಟ್ಟಿದ್ರೆ ಚಾರ್ತೊಗಿ ಬರಲ್ಲ."

"ಬರದಿದ್ರೆ ಒಳ್ಳೇದೇ ಆಯ್ತು. ಮೊದಲ ಮೇಜೇ ಕಾಣದವಳಿಗೆ ಅರವತ್ತರ ಮೇಜು ಯಾವ ಊರಲ್ಲಿ ಹಾಕ್ತಾರೆ? ನಿನ್ನ ಮಕ್ಕಳಿಗೆ ತಿಳೀಲಿಲ್ಲ ಸರಿ, ನಿನಗೂ ತಿಳಿಯಲ್ವಾ? ನಾಳೆ ಈ ಮನೆಗೆ ಕೇಡು ಬಂದ್ರೆ ಹೊರೋರು ಯಾರು?"

ಉಷ್‌ತೊಬೆಯ ಕೊರಿಯಾ ಮೂಲದ ಕೊರಿಯೊ ಜನರ ಮನೆಗಳಲ್ಲಿ ಈ ಮಾತು ತಿಳಿಯದವರಿಲ್ಲ. ಮನುಷ್ಯನ ಬಾಳಿಗೆ ಮೂರು ಹಬ್ಬದ ಮೇಜು. ಒಂದು ವರ್ಷ ತುಂಬಿದಾಗ ಒಂದು, ಮದುವೆಗೆ ಒಂದು, ಅರವತ್ತಕ್ಕೆ ಒಂದು. ಮೊದಲನೆಯದು ತಪ್ಪಿದರೆ ಉಳಿದ ಎರಡಕ್ಕೂ ಹಕ್ಕಿಲ್ಲ. ಇವತ್ತು ಅರವತ್ತು ತುಂಬಿದ ರಿಮ್ಮಾಗೆ ಮೊದಲನೆಯದು ತಪ್ಪಿತ್ತು. ಮೂವತ್ತೇಳನೇ ಇಸವಿಯಲ್ಲಿ ಸಮುದ್ರದ ಕಡೆಯ ಊರುಗಳಿಂದ ಸರ್ಕಾರ ಆ ಜನರನ್ನೆಲ್ಲ ರೈಲಿಗೆ ತುಂಬಿ ಈ ಬಯಲಿಗೆ ತಂದು ಸುರಿದಾಗ, ಅವಳು ಆ ರೈಲಿನ ಒಣಹುಲ್ಲಿನ ಮೇಲೆ ಹುಟ್ಟಿದವಳು. ಅವಳಿಗೆ ಒಂದು ವರ್ಷ ತುಂಬಿದ ದಿನ ಅವಳಪ್ಪ ನೆಲ ತೋಡಿದ ಗುಂಡಿಮನೆಯಲ್ಲಿ ಜ್ವರದಿಂದ ನಡುಗುತ್ತಿದ್ದ; ಮನೆಯಲ್ಲಿ ಒಂದು ಹಿಡಿ ಅಕ್ಕಿಯೂ ಇರಲಿಲ್ಲ... ಅದು ಯಾರ ತಪ್ಪು?

ಆದರೂ ಶಿಕ್ಷೆ ಮಾತ್ರ ಅವಳಿಗೇ ಆಯಿತು. ಮೂವತ್ತೊಂಬತ್ತು ವರ್ಷದ ಹಿಂದೆ ಅಫನಾಸಿಯ ಕೈ ಹಿಡಿದು ಈ ಮನೆಗೆ ಬಂದ ದಿನ ಮದುವೆಯ ಮೇಜು ಹಾಕಲಿಲ್ಲ. ಅವಳು ಅತ್ತೆಯ ಕಾಲಿಗೆ ಬಾಗಿ ಎದ್ದು ನೇರ ಅಡುಗೆಮನೆಗೆ ಹೋಗಿ ಮೂಲಂಗಿ ಹೆಚ್ಚಿದಳು. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಗೆರಾಸಿಮ್‌ಗೆ ಒಂದು ವರ್ಷ ತುಂಬಿದಾಗ ಒಕ್ಸುನ್, "ಮೇಜು ಕಾಣದವಳ ನೆರಳು ಮಗುವಿನ ಮೇಜಿನ ಮೇಲೆ ಬೀಳಬಾರದು" ಎಂದು ಹೆತ್ತ ತಾಯಿಯನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿಸಿದ್ದಳು. ಮಗು ಮುಂದೆ ಏನಾಗುವುದೆಂದು ತಿಳಿಯಲು ಮೇಜಿನ ಮೇಲಿಟ್ಟ ವಸ್ತುಗಳಲ್ಲಿ ಅದು ಪುಸ್ತಕ ಎತ್ತಿಕೊಂಡಿತೋ ಕತ್ತರಿಯೋ ಎಂಬುದನ್ನು ರಿಮ್ಮಾ ಬಾಗಿಲಿಗೆ ಕಿವಿಯಿಟ್ಟು, ಜನರ ನಗುವಿನಿಂದ ಊಹಿಸಿಕೊಂಡಿದ್ದಳು. ಮಗಳು ಇನೆಸ್ಸಾಳ ಸರದಿಯಲ್ಲೂ ಅದೇ ಬಾಗಿಲು... ಈರುಳ್ಳಿ ಹೊಲದಲ್ಲಿ ನಲವತ್ತು ಹೆಂಗಸರ ತಂಡವನ್ನು ನಡೆಸಿದವಳು, ಅಧಿಕಾರಿಗಳ ಎದುರು ದನಿ ತಗ್ಗಿಸದವಳು, ಆ ಬಾಗಿಲಿನ ಹಿಂದೆ ಮಾತ್ರ ಬಟ್ಟೆ ಬಾಯಿಗೆ ತುರುಕಿಕೊಂಡಂತೆ ಸದ್ದಿಲ್ಲದೆ ಅತ್ತಿದ್ದಳು.

ಇವತ್ತು ಅವಳಿಗೆ ಅಳು ಬರಲಿಲ್ಲ.

"ಸರಿ ಅತ್ತೆ, ನಿಮ್ಮ ಮಾತೇ ನಡೀಲಿ. ಮೊದಲನೇದು ಇಲ್ದೆ ಮೂರನೇದು ಇಲ್ಲ ತಾನೆ? ಹಾಗಾದ್ರೆ ಮೊದಲನೇದನ್ನ ಮೊದ್ಲು ಹಾಕೋಣ. ಇನೆಸ್ಸಾ, ಕೆಂಪು ಅವರೆ ಬೇಯೋಕಿಡು. ದಾರ, ಕತ್ತರಿ, ಪುಸ್ತಕ, ಪೆನ್ಸಿಲ್ಲು ತೆಗೆದಿಡು."

"ಯಾರಿಗೆ?"

"ನನಗೆ."

ಒಕ್ಸುನ್ ನಕ್ಕಳು. "ಅರವತ್ತರ ಮುದುಕಿಗೆ ಒಂದು ವರ್ಷದ ಮೇಜಾ? ಊರು ನಗುತ್ತೆ ಕಣೇ."

"ನಗ್ಲಿ. ಶಾವಿಗೆ ತಿಂದು, ಖಾರದ ಗಜ್ಜರಿ ತಿಂದು, ಹೊಟ್ಟೆ ತುಂಬಾ ನಗ್ಲಿ. ಅದಕ್ಕೇ ತಾನೆ ಕರೆದಿರೋದು."

ಅಫನಾಸಿ ಜಗಲಿಯಿಂದ ಎದ್ದು ಬಂದ. ತಾಯಿ ಮತ್ತು ಹೆಂಡತಿಯ ನಡುವೆ ಇಷ್ಟು ವರ್ಷ ಗಡಿಕಲ್ಲಿನಂತೆ ಮೂಕನಾಗಿ ನಿಂತವನು. "ರಿಮ್ಮಾ, ಅಮ್ಮ ಹೇಳೋದ್ರಲ್ಲೂ..."

"ನೀವು ಸುಮ್ನಿರಿ. ಮೂವತ್ತೊಂಬತ್ತು ವರ್ಷ ಸುಮ್ನಿದ್ರಲ್ಲ, ಇನ್ನೊಂದು ಗಂಟೆ ಇರೋಕಾಗಲ್ವಾ? ಗೆರಾ, ಅಜ್ಜಿ ಏಳಲ್ಲ. ಅಡುಗೆಮನೆ ಬಾಗಿಲು ಕಳಚ್ಕೊಂಡು ಬಾ."

"ಬಾಗಿಲಾ ಅಮ್ಮ?"

"ಹೌದು. ಒಳ್ಳೇ ಗಟ್ಟಿ ಮರ. ಎಷ್ಟು ಗಟ್ಟಿ ಅಂತ ನನಗೆ ಗೊತ್ತು."

ಬಾಗಿಲು ಕೀಲಿನಿಂದ ಕಳಚಿತು. ಅದನ್ನು ಬಿಸಿನೀರು ಹಾಕಿ ಉಜ್ಜಿ ತೊಳೆದು ಅಂಗಳದಲ್ಲಿ ಮಲಗಿಸಿದರು. ಅಂಟಕ್ಕಿ ಅನ್ನವನ್ನು ಅದರ ಮೇಲೆ ಸುರಿದರು. ಗೆರಾಸಿಮ್ ಒಂದು ಕಡೆ, ಇನೆಸ್ಸಾಳ ಗಂಡ ಇನ್ನೊಂದು ಕಡೆ ನಿಂತು ಕೊಡತಿ ಬೀಸಿದರು. ಒಕ್ಸುನ್ ದಿಮ್ಮಿಯ ಮೇಲೆ ಕೂತೇ ಆ ಪೆಟ್ಟುಗಳನ್ನು ಕೇಳುತ್ತಿದ್ದಳು. ಆಮೇಲೆ ನಿಧಾನಕ್ಕೆ ಎದ್ದು, "ನನ್ನ ಗಂಟು ಕಟ್ಕೋತೀನಿ. ಈ ಮನೇಲಿ ನನಗಿನ್ನು ಕೆಲಸವಿಲ್ಲ" ಎಂದು ತನ್ನ ಕೋಣೆಗೆ ಹೋದಳು. ತಡೆಯಲಿ ಎಂದು ಎಲ್ಲರೂ ರಿಮ್ಮಾಳ ಮುಖ ನೋಡಿದರು. ಅವಳು ಕೈಗೆ ನೀರು ಮುಟ್ಟಿಸಿಕೊಂಡು ಚಾರ್ತೊಗಿಯನ್ನು ತುಂಡು ಮಾಡುತ್ತಾ ಕೂತಳು.

ಹತ್ತು ಗಂಟೆಗೆ ನೆಂಟರು ಬರತೊಡಗಿದರು. ಒಳಗೆ ಗಿಡ್ಡ ಮೇಜಿನ ಮೇಲೆ ಮೂರು ಬಟ್ಟಲು ಚಾರ್ತೊಗಿ, ಅಕ್ಕಿ, ಅವರೆ, ದಾರ, ಕತ್ತರಿ, ಪುಸ್ತಕ, ಪೆನ್ಸಿಲ್ಲು. ವಿಷಯ ತಿಳಿದ ಹೆಂಗಸರು ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರಲ್ಲಿ ರಿಮ್ಮಾಳ ವಾರಗೆಯವರೂ ಇದ್ದರು. ಆ ಚಳಿಗಾಲಗಳಲ್ಲಿ ಹುಟ್ಟಿ, ತಮಗೂ ಮೇಜಿಲ್ಲದೆ ಬೆಳೆದವರು. ಅವರ ನಗು ಬೇಗ ನಿಂತಿತು. ಒಬ್ಬಳಂತೂ ಚೀಲದಿಂದ ಕರವಸ್ತ್ರ ಹುಡುಕತೊಡಗಿದಳು.

ರಿಮ್ಮಾ ನೀಲಿ ರೇಷ್ಮೆಯ ಅಂಗಿ ತೊಟ್ಟು ಬಾಗಿಲಿಲ್ಲದ ಅಡುಗೆಮನೆಯಿಂದ ಹೊರಗೆ ಹೆಜ್ಜೆಯಿಟ್ಟಳು.

"ನಿಲ್ಲೇ."

ಒಕ್ಸುನ್ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಗಂಟಿರಲಿಲ್ಲ. "ಒಂದು ವರ್ಷದ ಮಗು ತಾನಾಗೇ ನಡ್ಕೊಂಡು ಬರುತ್ತಾ? ಹಿರಿಯರು ಯಾರಾದ್ರೂ ಕೈ ಹಿಡಿದು ತರ್ಬೇಕು. ಅಷ್ಟೂ ಗೊತ್ತಿಲ್ವಾ?"

"ಹಿರಿಯರು ಗಂಟು ಕಟ್ತಾ ಇದ್ರು."

ಮುದುಕಿ ಗೋಡೆ ಹಿಡಿದು ಎರಡು ಹೆಜ್ಜೆ ಬಂದಳು. "ನನ್ನ ಮಗೂಗೆ ಹನ್ನೊಂದು ತಿಂಗಳಾಗಿತ್ತು" ಎಂದಳು. ಯಾರಿಗೂ ಅರ್ಥವಾಗಲಿಲ್ಲ. ಅಫನಾಸಿ ತಲೆಯೆತ್ತಿದ. "ನಿನ್ನ ತಮ್ಮ ಕಣೋ. ನಿನಗಾಗ ಮೂರು ವರ್ಷ, ನೆನಪಿರಲ್ಲ. ರೈಲಲ್ಲೇ ಹೋಯ್ತು. ಮಣ್ಣು ಮಾಡೋಕೂ ನಿಲ್ಲಿಸ್ಲಿಲ್ಲ... ಎಲ್ಲೋ ಒಂದು ಕಡೆ ನೀರಿಗೆ ನಿಂತಾಗ ಹಳಿ ಪಕ್ಕ ಮಲಗಿಸಿ ಹತ್ತಿಬಿಟ್ಟೆ. ಅದೇ ರೈಲು ಡಬ್ಬೀಲಿ, ಮೂರನೇ ದಿನ ಇವಳು ಹುಟ್ಟಿದ್ಲು. ಇವಳಮ್ಮ ಇವಳಿಗೆ ಹಾಲು ಕುಡಿಸ್ತಾ ಇದ್ಲು. ನನ್ನೆದೆ ಇನ್ನೂ ತುಂಬಿತ್ತು... ನಾನು ನೋಡ್ತಾ ಕೂತಿದ್ದೆ."

ಒಕ್ಸುನ್ ರಿಮ್ಮಾಳ ಕಡೆ ಬೆರಳು ಮಾಡಿದಳು.

"ಇವಳೇ ಸೊಸೆಯಾಗಿ ಬಂದ್ಲು. ನನ್ನ ಮಗೂಗೆ ಇಲ್ಲದ ಮೇಜು ಇವಳಿಗ್ಯಾಕೆ ಅನ್ನಿಸ್ತು. ಇವಳ್ನ ನೋಡಿದಾಗೆಲ್ಲ ಅನ್ನಿಸ್ತು."

ರಿಮ್ಮಾ ತಲೆ ತಗ್ಗಿಸಲಿಲ್ಲ. "ಅದಕ್ಕೆ ನಾನೇನು ಮಾಡಿದ್ದೆ ಅತ್ತೆ? ನಾನೂ ಮಗುವೇ ಆಗಿದ್ದೆ."

"ಏನೂ ಮಾಡಿರ್ಲಿಲ್ಲ."

ಮೂವತ್ತೊಂಬತ್ತು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಸೋಲು ಅದು. ಕ್ಷಮಿಸಿದೆ ಎಂದು ಹೇಳಲು ರಿಮ್ಮಾಗೆ ನಾಲಿಗೆ ಏಳಲಿಲ್ಲ. ಸುಳ್ಳು ಹೇಳುವ ಅಭ್ಯಾಸವೂ ಅವಳಿಗಿರಲಿಲ್ಲ. "ಅವನ ಹೆಸರೇನು?" ಎಂದು ಮಾತ್ರ ಕೇಳಿದಳು.

"ಮ್ಯೊಂಗ್‌ಚೆರ್."

"ಇನೆಸ್ಸಾ, ಇನ್ನೊಂದು ಬಟ್ಟಲು ಚಾರ್ತೊಗಿ ತಗೊಂಡು ಬಾ. ಮ್ಯೊಂಗ್‌ಚೆರ್‌ಗೆ."

"ಸತ್ತವರಿಗೆ ಈ ಮೇಜಿಲ್ಲ ಕಣೇ..."

"ಇವತ್ತಿನ ನಿಯಮ ನನ್ನದು, ಅತ್ತೆ. ಕೈ ಹಿಡೀರಿ."

ಒಕ್ಸುನ್‌ಳ ಒಣಗಿದ ಕೈ ಅವಳ ಕೈಯನ್ನು ಹಿಡಿಯಿತು. ಇಬ್ಬರೂ ಮೇಜಿನ ಬಳಿ ಬಂದರು. ಮೂರು ವಸ್ತು ಎತ್ತಿಕೊಳ್ಳಬೇಕು ಎಂದು ಯಾರೋ ನೆನಪಿಸಿದರು. ರಿಮ್ಮಾ ಎರಡೂ ತೋಳು ಚಾಚಿ ದಾರ, ಕತ್ತರಿ, ಪುಸ್ತಕ, ಪೆನ್ಸಿಲ್ಲು ಎಲ್ಲವನ್ನೂ ಎದೆಗೆ ಬಾಚಿಕೊಂಡಳು. "ಐವತ್ತೊಂಬತ್ತು ವರ್ಷ ತಡ ಮಾಡಿದ್ದೀರಿ. ಮೂರೇ ಅಂದ್ರೆ ನಾನು ಒಪ್ಪಲ್ಲ." ಮನೆ ನಗುವಿನಿಂದ ತುಂಬಿತು, ಆ ನಗುವಿನಲ್ಲೇ ಹಲವರು ಕಣ್ಣೊರೆಸಿಕೊಂಡರು.

ಗೆರಾಸಿಮ್ ಅರವತ್ತರ ಮೇಜಿಗೆ ತಟ್ಟೆ ಜೋಡಿಸಲು ಹೊರಟ. ಒಕ್ಸುನ್ ಗದರಿದಳು. "ಎಲ್ಲಿಗೋ? ಎರಡನೇದು ಬಿಟ್ಟು ಮೂರನೇದಕ್ಕೆ ಹಾರ್ತೀರಾ? ಹೋಗಿ ಮದುವೆ ಮೇಜಿಗೆ ಹುಂಜ ಬೇಯ್ಸಿ. ಕೊಕ್ಕಿಗೆ ಕೆಂಪು ಮೆಣಸಿನಕಾಯಿ ಮರೀಬೇಡಿ. ಅಫನಾಸಿ, ಆ ಹಳೇ ಅಂಗಿ ಬಿಚ್ಚಿ ಸೂಟು ಹಾಕ್ಕೊಂಡು ಬಾ."

ಹೀಗೆ ಅರವತ್ತಮೂರರ ಮದುಮಗ ಅಳಿಯನ ಬಿಗಿ ಸೂಟಿನಲ್ಲಿ ಬೆವರುತ್ತ ಬಂದು, ಮೆಣಸಿನಕಾಯಿ ಕಚ್ಚಿದ ಹುಂಜದ ಎದುರು ಹೆಂಡತಿಯ ಪಕ್ಕ ಕೂತ. ಮದುಮಗಳು ಎದ್ದು ಅತ್ತೆಗೆ ಬಾಗುವ ಹೊತ್ತು ಬಂತು. ರಿಮ್ಮಾ ಏಳಲಿಲ್ಲ.

"ನಾನು ಆವತ್ತೇ ಬಾಗಿದ್ದೀನಿ, ಅತ್ತೆ."

"ಗೊತ್ತು" ಎಂದಳು ಒಕ್ಸುನ್. "ಕೂತ್ಕೋ."

ಮಧ್ಯಾಹ್ನದ ಬಿಸಿಲಿನಲ್ಲಿ ಮೂರನೆಯ ಮೇಜು ಅಂಗಳಕ್ಕೆ ಬಂತು. ಮಕ್ಕಳು, ಅಳಿಯ, ಸೊಸೆ, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಟ್ಟಲು ಹಿಡಿದು ಬಂದು ರಿಮ್ಮಾಳ ಎದುರು ಮಂಡಿಯೂರಿ ಬಾಗಿದರು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತು ಒಂದೊಂದು ಬಾಗುವಿಕೆಯನ್ನೂ ಅವಸರವಿಲ್ಲದೆ ಸ್ವೀಕರಿಸಿದಳು. ಗೆರಾಸಿಮ್ ಅರ್ಧ ಬಾಗಿ ಏಳಲು ಹೋದಾಗ, ಪಕ್ಕದಲ್ಲಿದ್ದ ಮುದುಕಿಯ ಕೋಲು ಅವನ ಬೆನ್ನಿಗೆ ತಗುಲಿತು.

"ಇನ್ನೂ ಕೆಳಗೆ ಬಗ್ಗೋ" ಎಂದಳು ಒಕ್ಸುನ್. "ನಿಮ್ಮಮ್ಮನಿಗೆ ಬಗ್ತಾ ಇರೋದು ನೀನು."