ರಕ್ಷಕರಿಗೆ ಮಾತ್ರ

"ರೀ, ನೀವು ಸ್ವಲ್ಪ ಹೊರಗೆ ಹೋಗ್ತೀರಾ? ಈ ಸಭೆ ರಕ್ಷಕರಿಗೆ ಮಾತ್ರ!"

ಸಂಪದಾಳ ದನಿ ಅವಳಿಗೇ ತುಸು ಜೋರಾಗಿ ಕೇಳಿಸಿತು. ಕೊನೆಯ ಸಾಲಿನ ನೀಲಿ ಕುರ್ಚಿಯಲ್ಲಿ ಕುಳಿತಿದ್ದವನು ತಲೆಯೆತ್ತಿದ. ಅಂಗಿಯ ಬೆನ್ನೆಲ್ಲ ಬೆವರು. ಆಗಷ್ಟೇ ಅವನು ಪಿಕಪ್ಪಿನಿಂದ ಕುರ್ಚಿ ಇಳಿಸುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು.

"ನಾನೂ ರಕ್ಷಕನೇ ಟೀಚರ್" ಅಂದ ಅವನು, ಏಳದೆ. "ಎರಡನೇ ಕ್ಲಾಸಿನ ಸಾತ್ವಿಕಾಳ ಮಾಮ, ಲತೇಶ್. ಕುರ್ಚಿ ತಂದದ್ದೂ ನಾನೇ. ಹೋಗಿ ಅಂದ್ರೆ ಹೋಗ್ತೇನೆ... ಆದ್ರೆ ಕುರ್ಚಿಗಳೂ ಒಟ್ಟಿಗೆ ಬರ್ತವೆ!"

"ಅಯ್ಯೋ, ಅವರು ಕೂರ್ಲಿ ಟೀಚರ್! ಇಲ್ಲದಿದ್ರೆ ನಾವೆಲ್ಲ ನೆಲದಲ್ಲಿ ಕೂರ್ಬೇಕಾದೀತು" ಎಂದಳು ಮುಂದಿನ ಸಾಲಿನಲ್ಲಿದ್ದ ಜಸ್ನಾ, ನಾಲ್ಕನೇ ಕ್ಲಾಸಿನ ಹುಡುಗಿಯ ತಾಯಿ.

ಸಭೆಯೆಲ್ಲ ನಕ್ಕಿತು. ಸಂಪದಾ ಎತ್ತ ನೋಡಬೇಕೋ ತೋಚದೆ ಎದುರಿನ ಕುರ್ಚಿಯ ಬೆನ್ನನ್ನೇ ನೋಡಿದಳು. ಬಿಳಿ ಬಣ್ಣದಲ್ಲಿ 'ಪ್ರಾಪ್ತಿ' ಎಂದು ಬರೆದಿತ್ತು. ಎಲ್ಲ ಕುರ್ಚಿಗಳ ಮೇಲೂ ಅದೇ ಹೆಸರು.

'ಶಾಮಿಯಾನದವರ ಹೆಸರಿರಬೇಕು' ಎಂದುಕೊಂಡಳು. ಅದರಾಚೆಗೆ ಯೋಚಿಸಲಿಲ್ಲ. ಯೋಚಿಸಿದ್ದರೆ ಮುಂದಿನ ಅನಾಹುತವೇ ಆಗುತ್ತಿರಲಿಲ್ಲ...

ಸಂಪದಾ ತರೀಕೆರೆಯವಳು. ಬಂಟ್ವಾಳ ಪೇಟೆಯಿಂದ ತುಸು ದೂರದ ಆ ಅನುದಾನಿತ ಶಾಲೆಗೆ ಜೂನಿನಲ್ಲಷ್ಟೇ ಬಂದಿದ್ದಳು. ಬಂದ ವಾರದಲ್ಲೇ ಮುಖ್ಯೋಪಾಧ್ಯಾಯಿನಿ ಶಶಿಪ್ರಭಾ ಮೇಡಂ ಅವಳನ್ನು ರಕ್ಷಕ-ಶಿಕ್ಷಕ ಸಂಘದ ಕಾರ್ಯದರ್ಶಿ ಮಾಡಿಬಿಟ್ಟರು. ಹೊಸ ಸೊಸೆಗೆ ದೊಡ್ಡ ಪಾತ್ರೆ ತೊಳೆಯುವ ಕೆಲಸ ಬಂದ ಹಾಗೆ, ಯಾರಿಗೂ ಬೇಡದ ಹುದ್ದೆ ಹೊಸಬಳ ಕೊರಳಿಗೆ ಬಿದ್ದಿತ್ತು.

"ಸಂಘಕ್ಕೆ ಜನ ಸೇರಿಸ್ಬೇಕು ಸಂಪದಾ" ಎಂದಿದ್ದರು ಮೇಡಂ. "ಮಕ್ಕಳನ್ನು ಶಾಲೆಗೆ ಬಿಟ್ರೆ ಮುಗಿಯಿತು ಅಂತ ತಿಳ್ಕೊಂಡಿದ್ದಾರೆ. ಮನೆಮನೆಗೆ ಹೋಗದೆ ಆಗ್ಲಿಕ್ಕಿಲ್ಲ."

ಕುರ್ಚಿಯ ಸಭೆಯ ಮರುದಿನ ಸಂಪದಾ ಸಾತ್ವಿಕಾಳನ್ನು ಹತ್ತಿರ ಕರೆದಳು. ಎರಡು ಜಡೆ, ಒಂದು ಮೇಲೆ ಒಂದು ಕೆಳಗೆ. ರಿಬ್ಬನ್ನಿನ ಬದಲು ಶಾಮಿಯಾನದ ಹಳದಿ ಬಟ್ಟೆಯ ತುಂಡು! ಗಂಡಸಿನ ಕೈ ಕಟ್ಟಿದ ಜಡೆ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

"ಮನೇಲಿ ಯಾರ್ಯಾರು ಇದ್ದಾರೆ ಪುಟ್ಟಾ?"

"ಮಾಮ. ಅಜ್ಜಿ." ಮಗು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯಿತು. "ಅಪ್ಪೆ ಇಜ್ಜೆರ್ ಟೀಚರ್. ಅಮ್ಮೆ ದುಬೈಡ್ ಉಲ್ಲೆರ್."

ತುಳು ಸಂಪದಾಳಿಗೆ ಹೊಸದು. 'ಇಜ್ಜಿ' ಎಂದರೆ ಇಲ್ಲ ಎಂಬುದನ್ನು ಬಸ್ಸಿನಲ್ಲಿ ಕಲಿತಿದ್ದಳು. ಉಳಿದದ್ದನ್ನು ಊಹಿಸಿಕೊಂಡಳು. ಅಪ್ಪ ಇಲ್ಲ, ಅಮ್ಮ ದುಬೈಯಲ್ಲಿ.

'ಪಾಪ...' ಎಂದುಕೊಂಡು ಆ ಜಡೆ ಬಿಚ್ಚಿ ಮತ್ತೆ ಹೆಣೆದಳು.

ಆ ಸಂಜೆ ಲತೇಶನ ಪಿಕಪ್ ಶಾಲೆಯ ಗೇಟಿನೆದುರು ನಿಂತಿತು.

"ಜಡೆ ನೀವು ಕಟ್ಟಿದ್ದಂತೆ. ಇವಳು ಇಡೀ ಊರಿಗೆ ತೋರಿಸಿದ್ಳು" ಎಂದ ಅವನು. "ಮನೆಮನೆಗೆ ಹೋಗ್ಬೇಕಂತಲ್ಲ ನೀವು? ತುಳು ಬರುವುದಿಲ್ಲ, ಬ್ಯಾರಿ ಬರುವುದಿಲ್ಲ... ನಾಯಿ ಬಿಟ್ರೆ ಬೇರೆ ಯಾರೂ ಮಾತಾಡ್ಲಿಕ್ಕಿಲ್ಲ ನಿಮ್ಮ ಹತ್ರ! ಬನ್ನಿ, ಹೋಗುವ."

ಹೋದರು. ಎಷ್ಟೋ ಸಂಜೆ, ಸಾತ್ವಿಕಾಳನ್ನು ನಡುವೆ ಕೂರಿಸಿಕೊಂಡು. ಇನ್ನೊಬ್ಬ ರಕ್ಷಕ ಮೂಸಾ ಅವರ ಜಗಲಿಯಲ್ಲಿ ಲತೇಶ್ ಬ್ಯಾರಿ ಭಾಷೆಯಲ್ಲಿ ಹರಟಿದ. ಗಾರೆ ಕೆಲಸದ ತುಕ್ರಪ್ಪ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ.

"ಸದಸ್ಯ ಆದ್ರೆ ಎಂತ ಸಿಗ್ತದೆ ಮಾರಾಯ?"

"ಎಂತದೂ ಸಿಗುವುದಿಲ್ಲ ತುಕ್ರಪ್ಪಣ್ಣ. ಮಗಳು ಯಾವ ಬೆಂಚಿನಲ್ಲಿ ಕೂರ್ತಾಳೆ ಅಂತ ನೋಡ್ಲಿಕ್ಕೆ ಸಿಗ್ತದೆ. ನೀವು ಇಷ್ಟರವರೆಗೆ ನೋಡಿದ್ದೀರಾ?"

ತುಕ್ರಪ್ಪ ತಲೆ ಕೆಳಗೆ ಹಾಕಿದ. ಮುಂದಿನ ಸಭೆಗೆ ಬಂದ, ಹೊಸ ಅಂಗಿ ಹಾಕಿಕೊಂಡು.

ತುಕ್ರಪ್ಪನ ಮನೆಯಿಂದ ವಾಪಸಾಗುವಾಗ ಸಾತ್ವಿಕಾ ಸಂಪದಾಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಸಂಪದಾ ಮೆಲ್ಲಗೆ ಕೇಳಿದಳು.

"ದುಬೈಯಿಂದ ಅವರು ಫೋನ್ ಮಾಡ್ತಾರಾ?"

ಲತೇಶ್ ಗೇರು ಬದಲಿಸಿದ. "ಯಾವಾಗಾದ್ರೂ ಒಮ್ಮೆ. ಅವರಿಗೆ ಅಲ್ಲಿ ಬೇರೆ ಸಂಸಾರ ಉಂಟಲ್ಲ... ಮೊದ್ಲಿನ ಮಗು ನೆನಪಿರ್ತದಾ?"

ಅವರು! ಗಂಡಿಗೂ ಹೆಣ್ಣಿಗೂ ಒಂದೇ ಆದ ಈ ಮರ್ಯಾದೆಯ ಮಾತು ಎಂಥ ಮೋಸ ಮಾಡಿತು ನೋಡಿ. ಅವನು ಹೇಳಿದ್ದು ಭಾವನನ್ನು. ಅವಳು ಕೇಳಿಸಿಕೊಂಡದ್ದು ಅಕ್ಕನನ್ನು.

'ಎಂಥ ತಾಯಿ ಇವಳು? ತಮ್ಮನ ತಲೆಗೆ ಮಗುವನ್ನು ಕಟ್ಟಿ...' ಸಂಪದಾಳಿಗೆ ಸಿಟ್ಟು ಬಂತು. ಅದು ಬರೀ ಸಿಟ್ಟಲ್ಲ, ಅವನ ಮೇಲಿನ ಪ್ರೀತಿಯೇ ಎಂದು ಅವಳಿಗೆ ಗೊತ್ತಾದದ್ದು ಆ ರಾತ್ರಿ ನಿದ್ದೆ ಬಾರದಾಗ.

ಆಗಸ್ಟಿನಲ್ಲಿ ತಾಯಂದಿರ ಸಭೆ. ಹೊಸದಾಗಿ ಸದಸ್ಯರಾದ ತಾಯಂದಿರಿಂದ ನೀಲಿ ಕುರ್ಚಿಗಳು ತುಂಬಿದ್ದವು. ಪ್ರಾರ್ಥನೆ ಹಾಡಿದ ಸಾತ್ವಿಕಾ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ಹಿಂದೆ, ಕಂಬಕ್ಕೆ ಒರಗಿ ಲತೇಶ್. ಅಂದೇಕೋ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

ಸಂಪದಾ ಮೈಕ್ ಹಿಡಿದಳು. ಮಾತು ಚೆನ್ನಾಗಿಯೇ ಸಾಗುತ್ತಿತ್ತು. ಕಂಬದ ಬಳಿಯ ಆ ದಣಿದ ಮುಖ ಕಣ್ಣಿಗೆ ಬಿದ್ದದ್ದೇ, ಬರೆದುಕೊಂಡದ್ದೆಲ್ಲ ಮರೆತುಹೋಯಿತು.

"ನಮ್ಮ ಶಾಲೆಯಲ್ಲೇ ಒಂದು ಮಗು ಇದೆ. ಅದರ ಹೆತ್ತ ತಾಯಿ ದೂರದ ದೇಶದಲ್ಲಿ ಬೇರೆ ಸಂಸಾರ ಕಟ್ಟಿಕೊಂಡು, ಮಗುವನ್ನು ಮರೆತು ಸುಖವಾಗಿದ್ದಾಳೆ. ಜಡೆ ಹಾಕೋದಕ್ಕೂ ಮಾವನೇ ಬೇಕು! ಅಂಥವಳನ್ನು ತಾಯಿ ಅಂತ ಕರೀಬೇಕಾ?"

ಚಪ್ಪಾಳೆ ಬೀಳಲಿಲ್ಲ.

ಜಸ್ನಾ ಬಾಯಿಗೆ ಶಾಲಿನ ಸೆರಗು ಒತ್ತಿಕೊಂಡಳು. ಎಲ್ಲರ ಕಣ್ಣೂ ಹಿಂದಕ್ಕೆ ತಿರುಗಿದವು. ಲತೇಶ್ ನೆಟ್ಟಗೆ ನಡೆದು ಬಂದ. ಸಾತ್ವಿಕಾಳನ್ನು ಎತ್ತಿಕೊಂಡ. ಸಂಪದಾಳ ಕಡೆ ಒಮ್ಮೆ ನೋಡಿದ... ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಅವನು ಕುರ್ಚಿಗಳನ್ನು ಬಿಟ್ಟು ಹೊರಟುಹೋದ.

"ಎಂತ ಹೇಳಿಬಿಟ್ರಿ ಸಂಪದಾ..." ಆಫೀಸಿನಲ್ಲಿ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿದರು. "ಅವಳು ಸತ್ತು ನಾಲ್ಕು ವರ್ಷ ಆಯ್ತಲ್ಲ."

"ಯಾರು?"

"ಪ್ರಾಪ್ತಿ. ಮಗುವಿನ ತಾಯಿ."

"ಇಲ್ಲ ಮೇಡಂ... ಮಗೂನೇ ಹೇಳ್ತು, ಅಪ್ಪೆ ಇಲ್ಲ, ಅಮ್ಮೆ ದುಬೈಯಲ್ಲಿ ಅಂತ..."

"ತುಳುವಿನಲ್ಲಿ ಅಪ್ಪೆ ಅಂದ್ರೆ ತಾಯಿ. ಅಮ್ಮೆ ಅಂದ್ರೆ ತಂದೆ."

ಒಂದು ಅಕ್ಷರ. ಒಂದು ಅಕ್ಷರದಲ್ಲಿ ಸತ್ತವಳು ಅಪರಾಧಿಯಾಗಿದ್ದಳು!

"ಜ್ವರ ಅಂತ ಆಸ್ಪತ್ರೆಗೆ ಹೋದವಳು ವಾಪಸ್ ಬರ್ಲಿಲ್ಲ. ಕೊನೆಯ ತನಕ ಒಂದೇ ಮಾತು, ಮಗು ಊಟ ಮಾಡಿತಾ ಅಂತ. ನನ್ನ ಹಳೇ ವಿದ್ಯಾರ್ಥಿನಿ, ನಾನು ಹತ್ರವೇ ಇದ್ದೆ" ಎಂದರು ಮೇಡಂ. "ತಂದೆ ದುಬೈಯಲ್ಲಿ ಬೇರೆ ಮದುವೆಯಾದ. ಲತೇಶ ಅಕ್ಕನ ಉತ್ತರಕ್ರಿಯೆಯ ಬೊಜ್ಜಕ್ಕೂ ಬೇರೆಯವರಿಗೆ ಶಾಮಿಯಾನ ಹಾಕ್ಲಿಕ್ಕೆ ಬಿಡ್ಲಿಲ್ಲ. ಅತ್ತುಕೊಂಡೇ ಕಂಬ ನೆಟ್ಟಿದ್ದ. ಆಮೇಲೆ ಅವಳ ಹೆಸರನ್ನೇ ತನ್ನ ಶಾಮಿಯಾನದ ಅಂಗಡಿಗೆ ಇಟ್ಟ."

ಸಂಪದಾ ಹೊರಗೆ ಬಂದಳು. ಖಾಲಿ ಸಭಾಂಗಣದಲ್ಲಿ ನೀಲಿ ಕುರ್ಚಿಗಳು. ಪ್ರಾಪ್ತಿ, ಪ್ರಾಪ್ತಿ, ಪ್ರಾಪ್ತಿ... ತಾನು ಬೈದದ್ದು ಸತ್ತವಳ ಹೆಸರಿನೆದುರೇ ನಿಂತು. ಗೋಡೆಗೆ ಮುಖವಿಟ್ಟು ಅತ್ತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಅಂಗಡಿಯ ಹುಡುಗರು ಬಂದು ಕುರ್ಚಿಗಳನ್ನು ಒಯ್ದರು. ಸಾತ್ವಿಕಾ ಮತ್ತೆ ಶಾಲೆಗೆ ಬರಲಿಲ್ಲ. ಅಜ್ಜಿ, ಮಾಮನ ಜೊತೆ ಮೂಡುಬಿದಿರೆಯ ಸಂಬಂಧಿಕರ ಮನೆಯಲ್ಲಿದ್ದಾಳೆ, ಅಲ್ಲೇ ಶಾಲೆಗೆ ಸೇರಿಸುತ್ತಾರೆ ಎಂದು ಜಸ್ನಾ ಹೇಳಿದಳು. ಲತೇಶ್ ಫೋನ್ ಎತ್ತಲಿಲ್ಲ.

ಭಾನುವಾರ ಸಂಪದಾ ಬಸ್ಸು ಹತ್ತಿದಳು. ಮೂಡುಬಿದಿರೆಯಲ್ಲಿ ಕೇಳಿಕೊಂಡು ಹೋದಾಗ, ಸತ್ತವರ ಮನೆಯೊಂದರ ಅಂಗಳದಲ್ಲಿ ಅವನು ಬೊಜ್ಜದ ಶಾಮಿಯಾನ ಕಟ್ಟುತ್ತಿದ್ದ. ಅವಳನ್ನು ಕಂಡು ಹಗ್ಗದ ಗಂಟು ಬಿಗಿದೇ ಏಣಿ ಇಳಿದು ಬಂದ.

"ತಪ್ಪಾಯ್ತು" ಅಂದಳು ಅವಳು.

"ಭಾಷೆ ತಪ್ಪು ತಿಳ್ಕೊಂಡದ್ದು ತಪ್ಪಲ್ಲ ಟೀಚರ್. ಯಾರಿಗೂ ಆಗ್ತದೆ. ಆದ್ರೆ ನೋಡದ ಹೆಂಗಸನ್ನು ಅಷ್ಟು ಜನರ ಎದುರು ಬೈಲಿಕ್ಕೆ ಎಲ್ಲಿಂದ ಧೈರ್ಯ ಬಂತು ನಿಮಗೆ? ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ?"

ಅವನು ಕೈಯ ಧೂಳು ಕೊಡವಿದ.

"ನನ್ನದು ಬಿಡಿ. ದಿನಾ ಮಲಗುವಾಗ ಸಾತ್ವಿಕಾ ಕೇಳ್ತಾಳೆ, ಅಪ್ಪೆ ಸತ್ತದ್ದು ಹೌದಾ, ಅಲ್ಲ ನನ್ನನ್ನು ಮರ್ತು ಹೋದದ್ದಾ ಅಂತ. ನಾನು ಎಷ್ಟು ಹೇಳಿದ್ರೂ ನಂಬುವುದಿಲ್ಲ. ಟೀಚರ್ ಮೈಕಿನಲ್ಲಿ ಹೇಳಿದ್ದು ಸುಳ್ಳಾಗ್ತದಾ ಮಾಮ ಅಂತಾಳೆ." ಅವನು ಏಣಿಯ ಕಡೆ ತಿರುಗಿದ. "ನನ್ನಕ್ಕ ಒಮ್ಮೆ ಸತ್ತಾಗಿತ್ತು. ನೀವು ಅವಳನ್ನು ಮಗುವಿನ ಮನಸ್ಸಿನಲ್ಲಿಯೂ ಕೊಂದ್ರಿ."

ಸಂಪದಾ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಅದನ್ನು ಸರಿಮಾಡೋಕೆ ನನ್ನಿಂದ ಮಾತ್ರ ಆಗುತ್ತೆ. ಮುಂದಿನ ಶನಿವಾರ ಸಂಘದ ಮಹಾಸಭೆ. ಅವಳನ್ನು ಒಂದೇ ಒಂದು ಸಲ ಕರ್ಕೊಂಡು ಬನ್ನಿ. ಆಮೇಲೆ ನನ್ನ ಮುಖ ನೋಡಬೇಡಿ."

ಅವನು ಮತ್ತೆ ಏಣಿ ಹತ್ತಿದ.

ಆ ವಾರ ಸಂಪದಾ ಮತ್ತೆ ಮನೆಮನೆ ಸುತ್ತಿದಳು. ಈ ಸಲ ಪಿಕಪ್ ಇರಲಿಲ್ಲ, ಕಾಲುನಡಿಗೆ. ಅಂದು ಸಭೆಯಲ್ಲಿದ್ದ ಒಬ್ಬ ತಾಯಿಯನ್ನೂ ಬಿಡಲಿಲ್ಲ.

"ಸದಸ್ಯರಾಗಿ ಅಂತ ಕೇಳೋಕೆ ಬಂದಿಲ್ಲ. ನನ್ನ ಸುಳ್ಳು ಕೇಳಿಸಿಕೊಂಡವರು ನೀವು, ನಿಜವನ್ನೂ ನೀವೇ ಕೇಳಿಸಿಕೊಳ್ಳಬೇಕು."

ಕೆಲವರು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದರು. ಜಸ್ನಾ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. "ನಡೀರಿ ಟೀಚರ್. ಹಾಕಿದ ಬಾಗಿಲು ನಾನು ತೆಗೆಸ್ತೇನೆ!"

ಶನಿವಾರ ಮಧ್ಯಾಹ್ನ. ಬಾಡಿಗೆ ಕುರ್ಚಿಗೆ ಯಾರೂ ಹೇಳಿರಲಿಲ್ಲ. ಸಂಪದಾ ಮಕ್ಕಳ ಬೆಂಚುಗಳನ್ನು ಎಳೆಯುತ್ತಿದ್ದಾಗ ಗೇಟಿನಲ್ಲಿ ಪಿಕಪ್ಪಿನ ಸದ್ದಾಯಿತು.

ನೀಲಿ ಕುರ್ಚಿಗಳು ಇಳಿದವು. ಲತೇಶ್ ಅವಳತ್ತ ನೋಡದೆಯೇ ಸಾಲು ಹಾಕಿದ. ಕೊನೆಯ ಸಾಲಿನಲ್ಲಿ ಸಾತ್ವಿಕಾಳನ್ನು ಕೂರಿಸಿ, ತಾನು ಪಕ್ಕದಲ್ಲಿ ನಿಂತ.

ಸಂಪದಾ ಮತ್ತೆ ಮೈಕ್ ಹಿಡಿದಳು.

"ಆವತ್ತು ನಾನು ಹೇಳಿದ್ದು ಸುಳ್ಳು. ಅಪ್ಪೆ ಅಂದ್ರೆ ತಾಯಿ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೂ ನನಗೆ ಗೊತ್ತಿರಲಿಲ್ಲ. ನೀವು ಕೂತಿರೋ ಕುರ್ಚಿಯ ಮೇಲೆ ಒಂದು ಹೆಸರಿದೆ. ಆ ತಾಯಿ ಮಗುವನ್ನು ಬಿಟ್ಟು ಹೋದವರಲ್ಲ. ಬದುಕಲು ಆಗದೆ ಹೋದವರು. ಪ್ರಾಪ್ತಿ ಅವರೇ, ನನ್ನನ್ನು ಕ್ಷಮಿಸಿ." ಆಮೇಲೆ, ವಾರವಿಡೀ ತುಳುವಿನಲ್ಲಿ ಬಾಯಿಪಾಠ ಮಾಡಿದ ಕ್ಷಮೆಯ ಮಾತನ್ನು ಮಗುವಿನ ಕಡೆ ತಿರುಗಿ ಹೇಳಿದಳು. "ಎನ್ನ ತಪ್ಪಾಂಡ್ ಮಗಾ..."

ತುಕ್ರಪ್ಪ ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಂಡ.

ಸಾತ್ವಿಕಾ ಕುರ್ಚಿಯಿಂದ ಇಳಿದು, ಸಾಲುಗಳ ನಡುವೆ ನಡೆದು ಬಂದಳು.

"ಹಾಗಾದ್ರೆ ಅಪ್ಪೆ ಮರ್ತದ್ದಲ್ವಾ?"

"ಅಲ್ಲ ಪುಟ್ಟಾ. ಕೊನೇ ತನಕ, ಮಗು ಊಟ ಮಾಡಿತಾ ಅಂತಲೇ ಕೇಳ್ತಿದ್ರಂತೆ. ಟೀಚರ್ ಹೇಳ್ತಾ ಇದ್ದೀನಿ. ಇದು ನಿಜ."

"ನಾನು ಇವತ್ತು ಊಟ ಮಾಡಿದ್ದೇನೆ" ಎಂದಿತು ಮಗು. ಆಮೇಲೆ ಸಂಪದಾಳ ಸೀರೆಯಲ್ಲಿ ಮುಖ ಹುದುಗಿಸಿ ಅತ್ತಿತು. ಇಷ್ಟು ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಿತು.

ಜನ ಹೋದ ಮೇಲೆ ಲತೇಶ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಸಂಪದಾ ತಾನೂ ಒಂದು ಕುರ್ಚಿ ಎತ್ತಿ ತಂದಳು.

"ನೋವು ಹೋಗ್ಲಿಲ್ಲ" ಎಂದ ಅವನು. "ಅಷ್ಟು ಬೇಗ ಹೋಗ್ಲಿಕ್ಕಿಲ್ಲ. ಸುಳ್ಳು ಯಾಕೆ ಹೇಳುವುದು?"

"ಹೋಗದಿದ್ರೂ ಪರವಾಗಿಲ್ಲ. ನೀವು ಬಂದ್ರಲ್ಲ."

"ಆ ದಿನ ಅಷ್ಟು ಯಾಕೆ ನೋವಾಯ್ತು ಗೊತ್ತುಂಟಾ? ಬೇರೆ ಯಾರು ಹೇಳಿದ್ರೂ ಜಗಳ ಮಾಡಿ ಬಿಡ್ತಿದ್ದೆ. ನಾನು ಇಸ್ತ್ರಿ ಅಂಗಿ ಹಾಕಿ ಬಂದದ್ದು... ಸಭೆ ಮುಗಿದ ಮೇಲೆ ನಿಮ್ಮ ಹತ್ರ ಒಂದು ಮಾತು ಕೇಳುವ ಅಂತ."

ಸಂಪದಾ ಅವನತ್ತ ತಿರುಗಿದಳು. "ಈಗ... ಕೇಳಲ್ವಾ?"

ಅವನು ಉತ್ತರಿಸುವಷ್ಟರಲ್ಲಿ ಸಾತ್ವಿಕಾ ಇಬ್ಬರ ನಡುವೆ ಬಂದು ನಿಂತಳು. ಅತ್ತ ಕಣ್ಣು ಇನ್ನೂ ಕೆಂಪಗಿತ್ತು.

"ಟೀಚರ್, ನಿಮಗೆ ಈಗ ತುಳು ಬರ್ತದಾ? ಅಪ್ಪೆ ಅಂದ್ರೆ?"

"ತಾಯಿ."

"ಅಮ್ಮೆ?"

"ತಂದೆ."

"ಮಾಮಿ?"

ಸಂಪದಾ ಲತೇಶನ ಮುಖ ನೋಡಿದಳು. "ಅದು... ನನಗೆ ನಾನೇ ಊಹಿಸಿಕೊಳ್ಳೋಕೆ ಭಯ ಪುಟ್ಟಾ. ತಪ್ಪು ತಿಳ್ಕೊಂಡುಬಿಟ್ರೆ?"

ಲತೇಶ್ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟ.

"ಮಾಮನ ಹೆಂಡತಿ" ಎಂದ ಮೆಲ್ಲಗೆ. "ಈ ಸಲ ತಪ್ಪು ತಿಳ್ಕೊಳ್ಬೇಡಿ ಟೀಚರ್. ಆ ದಿನ ಕೇಳ್ಬೇಕಂತ ಬಂದದ್ದು ಅದನ್ನೇ."

ಸಂಪದಾಳ ಕಣ್ಣು ತುಂಬಿ ಅವನ ಮುಖ ಮಂಜಾಯಿತು. ಬಗ್ಗಿ ಮಗುವಿನ ಕಿವಿಯಲ್ಲಿ ಕೇಳಿದಳು.

"ಪುಟ್ಟಾ, ತುಳುವಿನಲ್ಲಿ 'ಆಗಲಿ' ಅನ್ನೋಕೆ ಏನಂತಾರೆ?"

"ಆವಡ್!"

ಅವಳು ನೆಟ್ಟಗೆ ನಿಂತು, ಅವನನ್ನೇ ನೋಡುತ್ತ, ಒಂದಕ್ಷರವೂ ತಪ್ಪದಂತೆ ಹೇಳಿದಳು.

"ಆವಡ್."