ಯಾವ ಕಾಲು?

"ಕಾಲು! ಮೌ, ಕಾಲು!"

ಜಿಮ್ನಾಸ್ಟಿಕ್ಸ್ ಹಾಲ್‌ನ ಆ ತುದಿಯಿಂದ ಕೋಚ್ ಬುಲು ದೀದಿ ಕೂಗಿದರು. ಅಷ್ಟರಲ್ಲಿ ಮೌಟುಸಿ ಅಂಗೈ ಅಗಲದ ಬೀಮ್ ಮೇಲಿಂದ ಧೊಪ್ಪೆಂದು ಮ್ಯಾಟಿಗೆ ಬಿದ್ದಿದ್ದಳು. ಚಕ್ರದಂತೆ ಪಕ್ಕಕ್ಕೆ ಉರುಳುವ ಕಾರ್ಟ್‌ವೀಲ್ ಹಾಕಿದಾಗೆಲ್ಲ ಇದೇ ಗತಿ. ಕೈ ಊರುವವರೆಗೆ ಎಲ್ಲ ಸರಿ, ಕಾಲು ಇಳಿದ ಕೂಡಲೇ ಕೆಳಗೆ.

"ಎಷ್ಟು ಸಲ ಹೇಳ್ಬೇಕು ನಿಂಗೆ? ಗೋಡೆಗೆ ಹೇಳಿದ್ರೂ ಇಷ್ಟೊತ್ತಿಗೆ ಕಲೀತಿತ್ತು! ಅರ್ಥ ಆಯ್ತಾ?"

"ಹ್ಞೂಂ ದೀದಿ."

ಅರ್ಥ ಆಗಿರಲಿಲ್ಲ. ಇರುವುದು ಎರಡು ಕಾಲು. ಯಾವುದಕ್ಕೆ ಏನಾಗಿದೆ? ಆದರೆ ಅಗರ್ತಲಾದ ಆ ಹಾಲ್‌ನಲ್ಲಿ ಕೋಚನ್ನು ತಿರುಗಿ ಕೇಳುವವರೇ ಇಲ್ಲ. ಕೇಳಿದರೆ ಅದು ಎದುರುತ್ತರ. ಬಿದ್ದವರು ಬೀಮ್ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಹ್ಞೂಂ ಅನ್ನಬೇಕು, ಮತ್ತೆ ಹತ್ತಬೇಕು. ಮೌಟುಸಿ ಹತ್ತಿದಳು. ಎರಡೂ ಮಂಡಿ ಬಿಗಿ ಹಿಡಿದಳು. ಬಿದ್ದಳು.

ಮರುದಿನ ಸೆಲೆಕ್ಷನ್. ತ್ರಿಪುರಾ ಟೀಮಿಗೆ ಆ ಹಾಲ್‌ನಿಂದ ಒಬ್ಬಳೇ. ಮೌಟುಸಿ ಅಲ್ಲೂ ಬಿದ್ದಳು. ಅವಳ ಜೊತೆ ಕಲಿಯುವ ಶ್ರೇಯೋಶಿಯ ಹೆಸರು ಕೂಗಿದರು.

"ಮುಂದಿನ ವರ್ಷ ಇದ್ದೇ ಇದೆಯಲ್ಲ ಪುಟ್ಟಿ," ಸೈಕಲ್ ತುಳಿಯುತ್ತಾ ಅಪ್ಪ ಅಂದ.

"ನಂಗೆ ಬರಲ್ಲ ಬಾಬಾ. ನನ್ನ ಕಾಲೇ ಸರಿ ಇಲ್ಲ."

ಮನೆ ತಲುಪುವ ಹೊತ್ತಿಗೆ, ಹಿಂದೆ ಕುಳಿತ ಅವಳು ಮುಖ ಒತ್ತಿದ್ದಲ್ಲಿ ಅಪ್ಪನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಟೀಮಿಗೆ ಹೋಗದವರು ಚಿಕ್ಕವರನ್ನು ನೋಡಿಕೊಳ್ಳಬೇಕು. ಮೌಟುಸಿಯ ಪಾಲಿಗೆ ತಿತ್ಲಿ ಬಂದಳು. ಮುಂದಿನ ಹಲ್ಲಿಲ್ಲದ ಪುಟಾಣಿ. ತಗ್ಗು ಬೀಮ್ ಮೇಲೆ ಕಾರ್ಟ್‌ವೀಲ್ ಹಾಕಿ ಬಿದ್ದಳು.

"ಕಾಲು! ತಿತ್ಲಿ, ಕಾಲು!" ಮೌಟುಸಿ ಕೂಗಿದಳು.

"ಹ್ಞೂಂ ದೀದಿ." ತಿತ್ಲಿ ಬೀಮ್ ಮುಟ್ಟಿ ಹಣೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರಿತ್ತು.

ಮೌಟುಸಿಗೆ ತನ್ನ ಕೂಗೇ ಕೇಳಿ ನಾಚಿಕೆಯಾಯಿತು. ಹತ್ತಿರ ಹೋದಳು.

"ಯಾವ ಕಾಲು, ಹೇಳು?"

"ಬೈಯಲ್ವಾ?"

"ಇಲ್ಲ ಕಣೇ."

"ಗೊತ್ತಿಲ್ಲ ದೀದಿ."

"ಇನ್ನೊಂದ್ಸಲ ಹಾಕು. ನಾನು ನೋಡ್ತೀನಿ."

ಮೌಟುಸಿ ಪಕ್ಕದಲ್ಲೇ ಮಂಡಿಯೂರಿ ಕುಳಿತಳು. ತಿತ್ಲಿ ಹಾಕಿದಾಗ ಮೊದಲು ಇಳಿದ ಪಾದ ಬೀಮ್‌ಗೆ ಅಡ್ಡ ಬಿತ್ತು. ಹಿಮ್ಮಡಿ ಪೂರ್ತಿ ಹೊರಗೆ. ಹಿಮ್ಮಡಿಯ ಕೆಳಗೆ ಏನೂ ಸಿಗದೆ ಬೀಳುವುದು ಮೌಟುಸಿಗೆ ಚೆನ್ನಾಗಿ ಗೊತ್ತು. ಇಷ್ಟೇನಾ? ಇಷ್ಟನ್ನು ಯಾರೂ ಹೇಳಲೇ ಇಲ್ಲವಲ್ಲ! ನಾನೂ ಕೇಳಲಿಲ್ಲ.

ತಿತ್ಲಿಯ ಪಾದ ಹಿಡಿದು ಮೆಲ್ಲಗೆ ತಿರುಗಿಸಿದಳು. "ಈ ಕಾಲು ಮೊದಲು ಇಳಿಯುತ್ತಲ್ಲ, ಇದರ ಬೆರಳು ನಿನ್ನ ಕೈ ಕಡೆ ನೋಡ್ಬೇಕು. ಅಷ್ಟೇ."

ತಿತ್ಲಿ ಹಾಕಿದಳು. ಓಲಾಡಿದಳು. ಬೀಳಲಿಲ್ಲ.

"ನಿಂತೆ! ಮೌ ದೀದಿ, ನಿಂತೆ!"

ಮೌಟುಸಿ ಚಪ್ಪಾಳೆ ತಟ್ಟಿದಳು. ಅವಳ ಸೆಲೆಕ್ಷನ್ ಮಾತ್ರ ಮುಗಿದುಹೋಗಿತ್ತು.

ಹಾಲ್‌ನ ಆ ತುದಿಯಲ್ಲಿ ಬುಲು ದೀದಿ ಕೂಗುತ್ತಿದ್ದರು. "ಕೈ! ಶ್ರೇಯೋಶಿ, ಕೈ! ಅರ್ಥ ಆಯ್ತಾ?"

"ಹ್ಞೂಂ ದೀದಿ."

ಆ ಹ್ಞೂಂ ಎಂಥದ್ದೆಂದು ಇಡೀ ಹಾಲ್‌ನಲ್ಲಿ ಮೌಟುಸಿಗೆ ಮಾತ್ರ ತಿಳಿಯಿತು.