ಎಂಟು ಗೀಟಿನ ಪದ

"ಓದೋದಾದ್ರೆ ಕಣ್ಣಲ್ಲೇ ಓದ್ಕೋ ಮಗಾ. ಬಾಯಿಬಿಟ್ಟು ಓದ್ಬೇಡ," ಎಂದಳು ಉಸ್ತಿನ್ಯಾ ಅಜ್ಜಿ, ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ.

ಸಾವೆಲಿ ನಕ್ಕುಬಿಟ್ಟ. ಪೀಟರ್ಸ್‌ಬರ್ಗಿನಿಂದ ರೈಲು, ಬಸ್ಸು, ದೋಣಿ ಹಿಡಿದು ಪಿನೇಗಾ ನದಿಯ ದಡದ ಈ ಹಳ್ಳಿಗೆ ಅವನು ಬಂದದ್ದೇ ಈ ನೋಟ್‌ಬುಕ್ಕಿಗಾಗಿ. ಹಳೆಯ ಕೈಬರಹ ಓದುವುದು ಅವನ ಕಸುಬು. ಸೈನಿಕರ ಪತ್ರ, ಪಾದ್ರಿಗಳ ದಾಖಲೆ, ವೈದ್ಯರ ಚೀಟಿ, ಯಾರ ಅಕ್ಷರವೂ ಅವನನ್ನು ಸೋಲಿಸಿರಲಿಲ್ಲ. ಹೆಂಡತಿ ರಿಮ್ಮಾ ಹಾಡುಗಾರ್ತಿ. ಇಲ್ಲಿನ ಮುದುಕಿಯರ ಹಾಡು ಕಲಿಯಲೆಂದು ಜೊತೆಗೆ ಬಂದವಳು, ಮೂರೇ ದಿನದಲ್ಲಿ ಇಡೀ ಊರಿಗೆ ತನ್ನ ದನಿಯ ಪರಿಚಯ ಮಾಡಿಕೊಟ್ಟಿದ್ದಳು.

ನೋಟ್‌ಬುಕ್ಕು ಉಸ್ತಿನ್ಯಾಳ ಸತ್ತ ಅತ್ತೆ ಮಲಾನ್ಯಾಳದು. ಹಲ್ಲುನೋವು, ಎಳೆಮಕ್ಕಳ ಅಳು, ಹಸುವಿನ ಕೆಚ್ಚಲು ಬಾವು, ಎಲ್ಲಕ್ಕೂ ಅವಳ ಬಳಿ ಮಂತ್ರವಿತ್ತು. ಬೇರೆ ಕೆಲಸಕ್ಕೂ ಇತ್ತು ಎಂದು ಊರವರು ದನಿ ತಗ್ಗಿಸಿ ಹೇಳುತ್ತಿದ್ದರು.

ರಟ್ಟು ಬಿಚ್ಚಿದೊಡನೆ ಮುಗ್ಗಲು ಹಿಡಿದ ಕಾಗದದ ವಾಸನೆ, ಅದರ ಹಿಂದೆಯೇ ಸುಟ್ಟ ಕೂದಲಿನಂಥದೊಂದು ಕಮಟು ಮೂಗಿಗೆ ಬಡಿಯಿತು. ನೇರಳೆ ಶಾಯಿಯ ಗೀಟುಗಳು ಬೇಲಿಗೂಟಗಳಂತೆ ಒತ್ತೊತ್ತಾಗಿ ನಿಂತಿದ್ದವು. ಕೂಡಿಸಿ ಬರೆಯುವಾಗ ರಷ್ಯನ್ ಅಕ್ಷರಗಳ ಹಣೆಬರಹವೇ ಅದು. ಮೂರು ಗೀಟೆಳೆದರೆ 'ತ', ಮೂರು ಗೀಟೆಳೆದರೆ 'ಶ'ವೂ ಹೌದು, ಎರಡಾದರೆ 'ಇ'. ಗಲಿಬಿಲಿ ಆಗದಿರಲೆಂದು ಶಾಲೆಯಲ್ಲಿ 'ತ'ದ ಮೇಲೊಂದು ಅಡ್ಡಗೆರೆ, 'ಶ'ದ ಕೆಳಗೊಂದು ಅಡ್ಡಗೆರೆ ಎಳೆಯಲು ಕಲಿಸುತ್ತಾರೆ. ಮಲಾನ್ಯಾ ಎಲ್ಲಿಯೂ ಗೆರೆ ಎಳೆದಿರಲಿಲ್ಲ.

"ಇದು ಅಳೋ ಮಗೂನ ಸುಮ್ನಾಗಿಸೋ ಮಂತ್ರ," ಎಂದ ಸಾವೆಲಿ, ಸಾಲಿನ ಮೇಲೆ ಬೆರಳಾಡಿಸುತ್ತ. "'ದೇವರ ದಾಸಿ ಇಂಥವಳ ಬಾಯಿಗೆ...' ಮುಂದೆ ಎಂಟು ಗೀಟು, ಕೊನೇಲಿ ಉಚ್ಚಾರ ಇಲ್ಲದ ಒಂದು ಬಾಲ."

"ತೀಶ್," ಎಂದಳು ಅಜ್ಜಿ ಪಿಸುದನಿಯಲ್ಲಿ. "ಮೌನ. ಅತ್ತೆ ಹಾಗೇ ಹೇಳ್ತಿದ್ರು."

"ಅಲ್ಲಜ್ಜಿ, ನೋಡಿ ಇಲ್ಲಿ. ಮೊದಲನೇ ಅಕ್ಷರದ ಕೆಳಗೆ ಗೆರೆ ಇದೆ, ಸಣ್ಣದು. ಅಂದ್ರೆ ಅದು 'ಶ'. ಶೀತ್, ಅಂದ್ರೆ ಹೊಲಿ! ನಿಮ್ಮತ್ತೆ ಬಾಯಲ್ಲಿ ಒಂದು ಹೇಳಿ, ಪುಸ್ತಕದಲ್ಲಿ ಇನ್ನೊಂದು ಬರೆದಿಟ್ಟಿದಾರೆ."

"ಅಡ್ಡಗೆರೆ ಅವ್ರ ಕೈಗೇ ಬರ್ತಿರ್ಲಿಲ್ಲ. ಮುಚ್ಚು ಮಗಾ ಅದನ್ನ."

ಕಿಟಕಿಯ ಬಳಿ ಆಲೂಗಡ್ಡೆ ಸುಲಿಯುತ್ತ ರಿಮ್ಮಾ ಏನೋ ಗುನುಗುತ್ತಿದ್ದಳು. ಸಾವೆಲಿ ಅವಳತ್ತ ಕಣ್ಣು ಮಿಟುಕಿಸಿದ. "ಮೂರು ದಿನದಿಂದ ಕಿವಿ ತಿಂತಿದಾಳೆ. ಇವಳ ಹೆಸರೇ ಹಾಕಿ ನೋಡೋಣ್ವಾ?"

"ಹಾಕು ಹಾಕು," ಎಂದಳು ರಿಮ್ಮಾ. "ನಿನ್ನ ಗೊರಕೆಗೂ ಅದರಲ್ಲೇ ಒಂದು ಹುಡುಕು."

"ಹೆಸರು ಹಾಕ್ಬೇಡ್ವೋ!" ಅಜ್ಜಿ ಅವನ ತೋಳು ಹಿಡಿದಳು.

ಅವನು ಪಾದ್ರಿಯಂತೆ ಗಂಟಲು ಉಬ್ಬಿಸಿ, ರಾಗ ಎಳೆದು ಓದಿದ. "ದೇವರ ದಾಸಿ ರಿಮ್ಮಾಳ ಬಾಯಿಗೆ ಹೊಲಿ!"

ಗುನುಗು ನಿಂತಿತು. ಗಾಜಿಗೆ ಬಡಿದುಕೊಳ್ಳುತ್ತಿದ್ದ ನೊಣಗಳೂ ಸುಮ್ಮನಾದವು. ಹೊರಗೆ ಜೂನ್ ತಿಂಗಳ ಮಟಮಟ ಮಧ್ಯಾಹ್ನ, ಒಳಗೆ ಮಾತ್ರ ಹೊಗೆಗಟ್ಟಿದ ಗಾಜಿನೊಳಗಿಂದ ನೋಡಿದಂತೆ ಬೆಳಕು ಕಂದಿತು. ಸುಟ್ಟ ಕೂದಲಿನ ಕಮಟು ಕೋಣೆ ತುಂಬಿತು.

"ಸಾಕು ನಾಟಕ," ಎಂದ ಸಾವೆಲಿ.

ರಿಮ್ಮಾಳ ಕೈಯಿಂದ ಚಾಕು ಬಿತ್ತು. ಅವಳು ಬಾಯಿ ತೆರೆಯಲು ಹೆಣಗುತ್ತಿದ್ದಳು. ತುಟಿಗಳು ಅಂಟಿಕೊಂಡಿದ್ದವು. ಎಡ ಮೂಲೆಯಲ್ಲಿ ಚರ್ಮ ಚುಕ್ಕಿಯಷ್ಟು ಒಳಕ್ಕೆ ಎಳೆದುಕೊಂಡಿತು. ಅದರ ಪಕ್ಕ ಇನ್ನೊಂದು ಚುಕ್ಕಿ. ಮತ್ತೊಂದು. ಸೂಜಿಯಿರಲಿಲ್ಲ, ದಾರವಿರಲಿಲ್ಲ, ಹೊಲಿಗೆ ಮಾತ್ರ ಸಾಗುತ್ತಿತ್ತು. ತೊಟ್ಟು ತೊಟ್ಟಾಗಿ ರಕ್ತ.

ಸಾವೆಲಿ ಓಡಿ ಹೋಗಿ ಅವಳ ತುಟಿಗಳನ್ನು ಬೆರಳಿನಿಂದ ಬಿಡಿಸಲು ನೋಡಿದ. ಅವಳು ನೋವಿಗೆ ಮೂಗಿನಲ್ಲೇ ಕಿರುಚಿದಳು. ಮರಳಿ ಬಂದು ಪುಸ್ತಕದ ಮೇಲೆ ಬಿದ್ದು ನೋಡಿದ. ಅಡ್ಡಗೆರೆ ಬೆರಳಿಗೆ ಅಂಟಿ ಮೇಲೆದ್ದಿತು. ಅದು ಶಾಯಿಯಲ್ಲ, ಒಂದು ನರೆಗೂದಲಿನ ತುಂಡು.

"ಏನಾದ್ರೂ ಮಾಡಿ ಅಜ್ಜಿ!"

"ನಾನೇನ್ ಮಾಡ್ಲಿ, ನಾನು ಬರೀ ಸೊಸೆ!" ಅಜ್ಜಿ ಬೋಗುಣಿಗೆ ನೀರು ಸುರಿದಳು. "ತಪ್ಪು ಓದಿದ ಮಾತನ್ನ ಸರಿಯಾಗಿ ಬರೀಬೇಕು ಅಂತಿದ್ರು. ಬರ್ದು, ನೀರಲ್ಲಿ ತೊಳ್ದು, ಆ ನೀರನ್ನ ಬಾಯಿಗೆ ಸವರ್ಬೇಕು. ಗೆರೆ ಹಾಕಿ ಬರಿ ಮಗಾ. ಬೇಗ ಬರಿ!"

ಅವನು ಶಾಯಿ ಪೆನ್ನು ತೆಗೆದ. ಮೂರು ಗೀಟು, ಮೇಲೆ ಅಡ್ಡಗೆರೆ. ಅಷ್ಟೇ ತಾನೇ? ಮೂರು ಗೀಟೆಳೆದ. ಕೈ ನಿಲ್ಲಲಿಲ್ಲ. ನಾಲ್ಕನೆಯದು ಬಂತು. ಐದು. ಹತ್ತು. ಮಣಿಕಟ್ಟನ್ನು ಎಡಗೈಯಿಂದ ಅಮುಕಿ ಹಿಡಿದ. ಗೀಟುಗಳು ಕಾಗದದ ಅಂಚು ದಾಟಿದವು. ಮೇಜಿನ ಮೇಲೆ ಹರಿದವು. ಎಡಗೈ ಮೇಲೆ ಹತ್ತಿದವು. ಮೇಲೆ ಗೆರೆಯಿಲ್ಲ, ಕೆಳಗೆ ಗೆರೆಯಿಲ್ಲ. ಬರೀ ಗೂಟ, ಗೂಟ, ಗೂಟ. ಹೊಲಿಗೆ ರಿಮ್ಮಾಳ ಬಾಯಿ ಮುಗಿಸಿ ಮೂಗಿನ ಬುಡಕ್ಕೆ ಬಂದಿತ್ತು. ಒಂದು ಹೊಳ್ಳೆ ಮುಚ್ಚಿತು. ಅವಳ ಕಣ್ಣು ಅವನ ಕೈಯನ್ನೇ ನೋಡುತ್ತಿತ್ತು.

"ಆಗ್ತಿಲ್ಲ," ಎಂದು ಅತ್ತ. "ಅಜ್ಜಿ, ನನ್ನ ಕೈಲಿ ಆಗ್ತಿಲ್ಲ!"

ಉಸ್ತಿನ್ಯಾ ಓದಿದ್ದು ನಾಲ್ಕನೇ ತರಗತಿ. ಪೆನ್ನನ್ನು ಸೌಟು ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು, ಬಿಳಿ ಕಾಗದದ ಮೇಲೆ ಒಂದೊಂದೇ ಗೀಟು ಎಣಿಸುತ್ತ, ಮಗುವಿನಂತೆ ದಪ್ಪಕ್ಷರದಲ್ಲಿ ಬರೆದಳು. ಮೊದಲ ಮೂರರ ಮೇಲೊಂದು ಗೆರೆ, ಕೊನೆಯ ಮೂರರ ಕೆಳಗೊಂದು ಗೆರೆ. ತೀಶ್. ಕಾಗದವನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಉಜ್ಜಿದಳು. ನೇರಳೆಯಾದ ಆ ನೀರನ್ನು ರಿಮ್ಮಾಳ ಮುಖಕ್ಕೆ ಸವರಿದಳು.

ಹೊಳ್ಳೆ ಬಿಚ್ಚಿತು. ಚುಕ್ಕಿಗಳು ಒಂದೊಂದಾಗಿ ಸಡಿಲಗೊಂಡವು. ರಿಮ್ಮಾ ಬಾಯಿ ಅಗಲಿಸಿ ಉಸಿರೆಳೆದುಕೊಂಡು ನೆಲಕ್ಕೆ ಕುಸಿದಳು. ನೊಣಗಳು ಮತ್ತೆ ಗುಂಯ್‌ಗುಟ್ಟಿದವು.

"ರಿಮ್ಮಾ, ಮಾತಾಡು. ಬೈಯಿ ಬೇಕಾದ್ರೆ. ಏನಾದ್ರೂ ಅನ್ನು."

ಅವಳು ಬಾಯಿ ತೆರೆದಳು. ಕತ್ತಿನ ನರಗಳು ಉಬ್ಬಿದವು. ಉಸಿರಷ್ಟೇ ಬಂತು. ಇನ್ನೊಮ್ಮೆ ತೆರೆದಳು. ಆಗಲೂ ಅಷ್ಟೇ.

ಅಜ್ಜಿ ಬೋಗುಣಿ ಹಿಡಿದೇ ನಿಂತಿದ್ದಳು. "ಅತ್ತೆ ಹೇಳಿದ್ದನ್ನೇ ಬರ್ದೆ ಮಗಾ. ಮೌನ ಅಂತ. ಬೇರೆ ಮಾತು ನಂಗೆ ಗೊತ್ತಿಲ್ಲ."

ಮರುದಿನ ಬೆಳಗ್ಗೆ ಇಬ್ಬರೂ ಅರ್ಖಾಂಗೆಲ್ಸ್ಕ್ ಬಸ್ಸು ಹತ್ತಿದರು. ಅಲ್ಲಿ ದೊಡ್ಡ ಆಸ್ಪತ್ರೆಯಿದೆ, ಗಂಟಲಿನ ಡಾಕ್ಟರಿದ್ದಾರೆ ಎಂದು ಸಾವೆಲಿ ದಾರಿಯುದ್ದಕ್ಕೂ ಹೇಳುತ್ತಿದ್ದ. ರಿಮ್ಮಾ ಅವನ ಜೇಬಿನಿಂದ ಪೆನ್ನು ಎಳೆದುಕೊಂಡು ಟಿಕೆಟ್ಟಿನ ಹಿಂಬದಿಯಲ್ಲಿ ಏನೋ ಬರೆದು ಅವನ ಮುಂದೆ ಹಿಡಿದಳು.

ಗೀಟುಗಳು. ಮೊದಲಿನಿಂದ ಕೊನೆಯವರೆಗೆ ಒಂದೇ ತರದ ಗೀಟುಗಳು.

"ಅಯ್ಯೋ, ನಿನ್ನ ಕೈಗೂ ಬಂತಾ?" ಎಂದ ಅವನು.

ರಿಮ್ಮಾ ತಲೆಯಾಡಿಸಿದಳು, ಇಲ್ಲವೆಂದು. ಟಿಕೆಟ್ಟು ನೋಡಲು ಬಂದ ಕಂಡಕ್ಟರ್ ಹೆಂಗಸಿನ ಕೈಗೆ ಅದನ್ನು ಕೊಟ್ಟಳು.

"ಆಹಾ, ಮುತ್ತು ಪೋಣಿಸಿದ ಹಾಗಿದೆ ಅಕ್ಷರ," ಎಂದಳು ಕಂಡಕ್ಟರ್. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಓದಿದಳು: "'ಇವನನ್ನ ನನ್ನ ಪಕ್ಕದಿಂದ ಎಬ್ಬಿಸಿ.'"

ಸಾವೆಲಿಯ ಕಣ್ಣಿಗೆ ಅದು ಈಗಲೂ ಬರೀ ಗೀಟು. ಅವನು ಎದ್ದ. ಅರ್ಖಾಂಗೆಲ್ಸ್ಕ್ ಇನ್ನೂ ನಾಲ್ಕು ತಾಸಿನ ದಾರಿ. ಬಸ್ಸಿನಲ್ಲಿ ಬೇರೆ ಸೀಟು ಖಾಲಿ ಇರಲಿಲ್ಲ.